ಕಿಟಕಿ ಪಕ್ಕದ ಮಾತು: ಬಾಟಲಿಯ ಮೇಲಿನ ಸಂಖ್ಯೆ



ಕಳೆದ ಸಂಚಿಕೆಯಲ್ಲಿ ಯುಗಾದಿ ಅಡುಗೆಯ ಬಗ್ಗೆ ಬರೆದ ಮೇಲೆ ನಿಮ್ಮಲ್ಲಿ ಮೂರ್ನಾಲ್ಕು ಜನ ಫೋನ್ ಮಾಡಿ ಒಬ್ಬಟ್ಟಿನ ಕಣಕದ ಹದ ಕೇಳಿದಿರಿ, ಸಂತೋಷ. ಒಬ್ಬಳು ಮಾತ್ರ, ನಮ್ಮ ಗಿಂಡಿಯಲ್ಲೇ ಎರಡು ಬೀದಿ ಆಚೆ ಇರುವ ಹೊಸ ತಾಯಿ, ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಬೇರೆಯದೇ ಅಳತೆ ಕೇಳಿದಳು. "ಆಂಟಿ, ಪಾಪುಗೆ ಕಿವಿನೋವು ಅಂತ ಡಾಕ್ಟರು ಸಿರಪ್ ಬರೆದಿದ್ದಾರೆ. ಚೀಟಿಯಲ್ಲಿ 228.5 ಅಂತಿದೆ, ಐದು ಎಂ.ಎಲ್. ಎರಡು ಹೊತ್ತು. ಅಂಗಡಿಯವರು 457 ಕೊಟ್ಟು, ಎರಡೂ ಒಂದೇ ಮಾ, ಅದೇ ಔಷಧಿ ಅಂದರು. ಒಂದೇನಾ?"

ಒಂದೇ ಅಲ್ಲ. ಔಷಧಿ ಅದೇ, ಆದರೆ ಅದೇ ಐದು ಎಂ.ಎಲ್. ಕುಡಿಸಿದ್ದರೆ ಮಗುವಿನ ಹೊಟ್ಟೆಗೆ ಬರೆದದ್ದರ ಎರಡರಷ್ಟು ಹೋಗುತ್ತಿತ್ತು. "ಡಾಕ್ಟರನ್ನು ಕೇಳುವವರೆಗೆ ಕುಡಿಸಬೇಡ, ಈಗಲೇ ಫೋನ್ ಮಾಡು" ಎಂದೆ. ಡಾಕ್ಟರು, ಬಾಟಲಿ ಬದಲಾಯಿಸಿ ತನ್ನಿ ಎಂದರಂತೆ. ಅಂಗಡಿಯವರು ಗೊಣಗುತ್ತಲೇ ಬದಲಾಯಿಸಿದರಂತೆ. ಆ ಹುಡುಗಿಗೆ ನಾನು ಮನಸಾರೆ ಶಹಬ್ಬಾಸ್ ಹೇಳಿದೆ. ಇಂಜಿನಿಯರಿಂಗ್ ಓದಿದವರೂ ಆ ಸಂಖ್ಯೆಯನ್ನು ಕಾರಿನ ಮಾಡೆಲ್ ನಂಬರಿನ ಹಾಗೆ ನೋಡಿ ಸುಮ್ಮನಾಗುತ್ತಾರೆ. ಇವಳು ನಿಂತು ಓದಿದಳು.

ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಇಂಗ್ಲಿಷ್ ಬಿ.ಎ., ವೈದ್ಯಕೀಯವಲ್ಲ. ಇಲ್ಲಿ ಬರುವ ಲೆಕ್ಕಗಳು ಅರ್ಥ ಮಾಡಿಕೊಳ್ಳುವುದಕ್ಕೆ, ಮನೆಯಲ್ಲೇ ಡೋಸ್ ನಿರ್ಧರಿಸುವುದಕ್ಕಲ್ಲ. ಮೈಸೂರಿನಲ್ಲಿ ಫಾರ್ಮಸಿ ಓದಿದ ನನ್ನ ಅಣ್ಣನ ಮಗಳಿಂದ ಇದನ್ನೆಲ್ಲ ತಿದ್ದಿಸಿದ್ದೇನೆ. ಕನ್ನಡ ಓದಲು ತಡವರಿಸುವವರು ಅಮ್ಮನ ಕೈಲಿ ಓದಿಸಿಕೊಳ್ಳಿ, ಅವರಿಗೂ ಉಪಯೋಗವಾದೀತು.

ಈಗ ಆ ಸಂಖ್ಯೆ. ಅದೊಂದು ಕೂಡುವ ಲೆಕ್ಕ, ಅಷ್ಟೆ. ಬಾಟಲಿಯಲ್ಲಿರುವುದು ಎರಡು ಔಷಧಿ: ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಸಿಡ್. 228.5 ಎಂದರೆ ಐದು ಮಿ.ಲೀ.ನಲ್ಲಿ ಮೊದಲನೆಯದು 200 ಮಿ.ಗ್ರಾಂ., ಎರಡನೆಯದು 28.5. 457 ಎಂದರೆ 400 ಮತ್ತು 57. ನೀವು ದೊಡ್ಡವರು ಹಲ್ಲು ಕೀಳಿಸಿಕೊಂಡಾಗ ನುಂಗುವ "625" ಮಾತ್ರೆ ಇದೆಯಲ್ಲ, ಅದು 500 ಮತ್ತು 125. ಇನ್ನೊಂದು ತಮಾಷೆ ನೋಡಿ. "375" ಎಂಬ ಮಾತ್ರೆಯೂ ಉಂಟು, 250 ಮತ್ತು 125. 625 ಸಿಗಲಿಲ್ಲ, ಎರಡು 375 ನುಂಗಿದರಾಯಿತು ಎಂದುಕೊಂಡರೆ ಅಮಾಕ್ಸಿಸಿಲಿನ್ ಸರಿಯಾಗಿ 500 ಆಗುತ್ತದೆ, ಆದರೆ ಕ್ಲಾವುಲಾನಿಕ್ ಆಸಿಡ್ 125ರ ಬದಲು 250 ಆಗಿಬಿಡುತ್ತದೆ. ಮರುದಿನ ಹೊಟ್ಟೆ ಕೆಟ್ಟು ಬಚ್ಚಲುಮನೆಯಲ್ಲೇ ವಾಸ! ಜೋಡಿ ಔಷಧಿಗಳ ಕಷ್ಟವೇ ಇದು. ಒಂದನ್ನು ಹೆಚ್ಚು ಮಾಡಿದರೆ ಇನ್ನೊಂದೂ ಕೇಳದೆಯೇ ಹೆಚ್ಚಾಗುತ್ತದೆ.

ಹಾಗಾದರೆ ಜೋಡಿ ಯಾಕೆ ಬೇಕಾಯಿತು? ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳದಂತೆ ತಡೆಯುತ್ತವೆ. ಗೋಡೆ ಇಲ್ಲದ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳ ಬಳಿ ಆ ಔಷಧಿಯನ್ನೇ ಕತ್ತರಿಸಿ ಹಾಕುವ ಒಂದು ಕಿಣ್ವ ಇರುತ್ತದೆ. 1940ರಲ್ಲೇ, ಅಂದರೆ ಪೆನಿಸಿಲಿನ್ ಇನ್ನೂ ಜನರ ಕೈಗೆ ಬರುವ ಮೊದಲೇ, ಅಬ್ರಹಾಂ ಮತ್ತು ಚೇನ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದ್ದರು. 1970ರ ದಶಕದಲ್ಲಿ ಇಂಗ್ಲೆಂಡಿನ ಬೀಚಮ್ ಕಂಪನಿಯವರು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಸೂಕ್ಷ್ಮಜೀವಿಯಿಂದ ಕ್ಲಾವುಲಾನಿಕ್ ಆಸಿಡ್ ತೆಗೆದರು. ಇದಕ್ಕೆ ಸ್ವಂತವಾಗಿ ರೋಗಾಣು ಕೊಲ್ಲುವ ಶಕ್ತಿ ಇಲ್ಲವೆಂದೇ ಹೇಳಬಹುದು. ಅದರ ಕೆಲಸ ಬೇರೆ. ಹಲಸಿನ ಹಣ್ಣು ಬಿಡಿಸುವಾಗ ಮೇಣ ಹತ್ತಿದ ಕತ್ತರಿಯನ್ನು ನೋಡಿದ್ದೀರಾ? ಬಾಯಿ ಬಿಡುವುದೇ ಇಲ್ಲ. ಕ್ಲಾವುಲಾನಿಕ್ ಆಸಿಡ್ ಆ ಕಿಣ್ವದ ಬಾಯಿಗೆ ಹಾಗೆ ಅಂಟಿಕೊಂಡು ಕೂರುತ್ತದೆ, ತಾನೂ ಹಾಳಾಗಿ ಅದನ್ನೂ ಹಾಳು ಮಾಡುತ್ತದೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತದೆ. 1981ರಲ್ಲಿ ಈ ಜೋಡಿ ಆಗ್ಮೆಂಟಿನ್ ಹೆಸರಿನಲ್ಲಿ ಇಂಗ್ಲೆಂಡಿನ ಮಾರುಕಟ್ಟೆಗೆ ಬಂತು. ಈಗ ನಮ್ಮಲ್ಲಿ ಅದಕ್ಕೆ ಎಷ್ಟು ಹೆಸರುಗಳೋ ಲೆಕ್ಕವಿಟ್ಟವರಿಲ್ಲ.

ಇದರಿಂದ ಒಂದು ವಿಷಯ ತಾನಾಗಿ ಹೊರಡುತ್ತದೆ. ಕತ್ತರಿ ಇಲ್ಲದ ಬ್ಯಾಕ್ಟೀರಿಯಾಗೆ ಮೇಣ ಯಾಕೆ? ಮಕ್ಕಳ ಗಂಟಲು ನೋವಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್‌ಗೆ (ಸಂಧಿವಾತ ಜ್ವರ ಬಂದು ಹೃದಯದ ಕವಾಟ ಕೆಡುವುದು ಇದರಿಂದಲೇ) ಆ ಕಿಣ್ವ ಇಲ್ಲ. ಬರಿಯ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಅದಕ್ಕೆ ಸಾಕು, ಆದರೆ ಪೂರ್ತಿ ಹತ್ತು ದಿನ. "ಡಾಕ್ಟರ್, ಸ್ವಲ್ಪ ಸ್ಟ್ರಾಂಗ್ ಆದದ್ದು ಬರೆಯಿರಿ" ಎಂದು ದುಂಬಾಲು ಬೀಳುವವರು ಇದನ್ನು ನೆನಪಿಡಬೇಕು. ಇನ್ನು ಕಿವಿ ಸೋರುವುದಕ್ಕೆ, ನ್ಯುಮೋನಿಯಾಗೆ ಕಾರಣವಾಗುವ ನ್ಯುಮೊಕಾಕಸ್‌ದು ಬೇರೆಯೇ ಉಪಾಯ. ಅದು ಕತ್ತರಿ ಹಿಡಿಯುವುದಿಲ್ಲ, ಔಷಧಿ ಹೋಗಿ ಕೂರುವ ಜಾಗದ ಆಕಾರವನ್ನೇ ಬದಲಾಯಿಸುತ್ತದೆ. ಅಲ್ಲಿ ಕ್ಲಾವುಲಾನಿಕ್ ಆಸಿಡ್ ಎಷ್ಟಿದ್ದರೂ ವ್ಯರ್ಥ, ಅಮಾಕ್ಸಿಸಿಲಿನ್ನನ್ನೇ ಹೆಚ್ಚು ಕೊಡಬೇಕು. ಅದಕ್ಕೇ 600 ಮತ್ತು 42.9 ಇರುವ ಇನ್ನೊಂದು ಬಗೆಯ ಬಾಟಲಿ. ಹಿಂದೆ ಹೇಳಿದ ಎರಡು ಸಿರಪ್ಪುಗಳಲ್ಲಿ ಪ್ರಮಾಣ 7ಕ್ಕೆ 1, ಇದರಲ್ಲಿ 14ಕ್ಕೆ 1. ದಿನಕ್ಕೆ ಪ್ರತಿ ಕಿಲೋಗೆ 90 ಮಿ.ಗ್ರಾಂ. ಅಮಾಕ್ಸಿಸಿಲಿನ್ ಕೊಡಬೇಕಾದಾಗಲೂ ಮಗುವಿನ ಹೊಟ್ಟೆ ಕೆಡಿಸುವ ಕ್ಲಾವುಲಾನಿಕ್ ಆಸಿಡ್ ಮಿತಿಯಲ್ಲಿರಲಿ ಎಂದು ಹೀಗೆ ಮಾಡಿದ್ದಾರೆ. ಮೂರು ಬಾಟಲಿಗಳೂ ನೋಡಲು ಒಂದೇ ತರಹ, ಬಿಳಿ ಪುಡಿ, ಹಣ್ಣಿನ ವಾಸನೆ. ಒಳಗಿನ ಲೆಕ್ಕ ಮಾತ್ರ ಮೂರು ತರಹ.

ಮಕ್ಕಳ ಲೆಕ್ಕ ತೂಕದ ಮೇಲೆ ನಡೆಯುತ್ತದೆ. ಹತ್ತು ಕಿಲೋ ಮಗುವಿಗೆ ದಿನಕ್ಕೆ ಪ್ರತಿ ಕಿಲೋಗೆ 45 ಮಿ.ಗ್ರಾಂ. ಬೇಕೆಂದು ಡಾಕ್ಟರು ತೀರ್ಮಾನಿಸಿದರು ಅನ್ನಿ. ಒಟ್ಟು 450, ಎರಡು ಹೊತ್ತಿಗೆ ಹಂಚಿದರೆ ಒಂದು ಸಲಕ್ಕೆ 225. ಇದು 228.5ರ ಬಾಟಲಿಯಲ್ಲಿ ಸುಮಾರು ಐದೂವರೆ ಮಿ.ಲೀ., 457ರ ಬಾಟಲಿಯಲ್ಲಿ ಮೂರಕ್ಕೂ ಕಡಿಮೆ. ವಯಸ್ಸು ನೋಡಿ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಬಹುದು. ನಮ್ಮ ಸಂಘದ ಮಕ್ಕಳ ದಿನಾಚರಣೆಯಲ್ಲಿ ಎರಡು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ, ಒಂಬತ್ತು ಕಿಲೋದವನೂ ಇದ್ದಾನೆ, ಹದಿನೈದು ಕಿಲೋದವನೂ ಇದ್ದಾನೆ.

ಆದರೆ ತೂಕವೊಂದೇ ಕಥೆಯಲ್ಲ. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡ ಮನುಷ್ಯ ಅಲ್ಲ. ಹುಟ್ಟಿದ ಶಿಶುವಿನ ಮೂತ್ರಪಿಂಡ, ಲಿವರ್ ಇನ್ನೂ ಪಳಗಿರುವುದಿಲ್ಲ, ಔಷಧಿ ಹೊರಗೆ ಹೋಗದೆ ಒಳಗೇ ಶೇಖರವಾಗುತ್ತದೆ. ಅದಕ್ಕೇ ಮೂರು ತಿಂಗಳ ಒಳಗಿನ ಕೂಸಿಗೆ ಅಮಾಕ್ಸಿಸಿಲಿನ್ನಿನ ಮಿತಿ ಕಡಿಮೆ. 1959ರಲ್ಲಿ ಕ್ಲೋರಾಂಫೆನಿಕಾಲ್ ಕೊಟ್ಟ ನವಜಾತ ಶಿಶುಗಳು ಬೂದಿ ಬಣ್ಣಕ್ಕೆ ತಿರುಗಿ ಸತ್ತ ವರದಿಗಳು ಬಂದಾಗ ವೈದ್ಯಲೋಕ ಈ ಪಾಠವನ್ನು ಬಹಳ ಬೆಲೆ ಕೊಟ್ಟು ಕಲಿಯಿತು. ಎರಡು ಮೂರು ವರ್ಷದ ಮಗುವಿನದು ಇದಕ್ಕೆ ತಿರುಗುಮುರುಗು. ಅದರ ಲಿವರ್ ಎಷ್ಟೋ ಔಷಧಿಗಳನ್ನು, ಕಿಲೋ ಲೆಕ್ಕದಲ್ಲಿ, ನಮಗಿಂತ ಬೇಗ ಕರಗಿಸಿಬಿಡುತ್ತದೆ. ಹೀಗಾಗಿ "ದೊಡ್ಡವರದ್ದರಲ್ಲಿ ಅರ್ಧ" ಎಂಬ ಅಜ್ಜಿಲೆಕ್ಕ ಒಂದು ಕಡೆ ಹೆಚ್ಚಾಗುತ್ತದೆ, ಇನ್ನೊಂದು ಕಡೆ ಸಾಲದೆ ಹೋಗುತ್ತದೆ.

ಈ ಎರಡನೆಯದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಊರಿನಲ್ಲೇ ಇದೆ. ನೀವು ಚೇತ್‌ಪಟ್ ದಾಟಿ ಹೋಗುವಾಗ ಎಡಬಲ ನೋಡದೆ ಹೋಗುತ್ತೀರಿ. ಅಲ್ಲಿ 1956ರಲ್ಲಿ ಕ್ಷಯರೋಗ ಚಿಕಿತ್ಸಾ ಸಂಶೋಧನೆಗೆಂದು ಒಂದು ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಆಗಿನ ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ನಾಲ್ಕೂ ಸೇರಿ ಕಟ್ಟಿದ್ದು. ಈಗಿನ ಹೆಸರು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಆಗ ಕ್ಷಯ ಎಂದರೆ ಸ್ಯಾನಟೋರಿಯಂ, ಒಳ್ಳೆ ಗಾಳಿ, ಹಾಲು ಮೊಟ್ಟೆ, ವರ್ಷಗಟ್ಟಲೆ ಹಾಸಿಗೆ ಎಂಬ ನಂಬಿಕೆ. ಆ ಕೇಂದ್ರದವರು ಮದ್ರಾಸಿನ ಬಡವರ ಕೇರಿಗಳ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲೂ ಇನ್ನೊಂದಕ್ಕೆ ಅವರವರ ಗುಡಿಸಲಿನಲ್ಲೂ ಒಂದೇ ಜೋಡಿ ಔಷಧಿ ಕೊಟ್ಟರು: ಐಸೊನಯಜಿಡ್ ಮತ್ತು ಪಿ.ಎ.ಎಸ್. ಒಂದು ವರ್ಷದ ಮೇಲೆ ನೋಡಿದರೆ ಎರಡು ಗುಂಪಿನ ಫಲಿತಾಂಶಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. 1959ರಲ್ಲಿ ಇದು ಪ್ರಕಟವಾದ ಮೇಲೆ ಪ್ರಪಂಚದ ಕ್ಷಯ ಚಿಕಿತ್ಸೆಯ ದಾರಿಯೇ ಬದಲಾಯಿತು. (ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ನಮ್ಮ ಎರಡು ಊರುಗಳಿಗೂ ಈ ವಿಷಯದಲ್ಲಿ ಹೆಮ್ಮೆಪಡುವ ಹಕ್ಕಿದೆ.)

ಕ್ಷಯಕ್ಕೆ ಜೋಡಿ ಯಾಕೆ? ಇಲ್ಲಿ ಕಾರಣ ಮೇಣ-ಕತ್ತರಿಯದಲ್ಲ. ಹತ್ತು ಲಕ್ಷ ಕ್ಷಯದ ರೋಗಾಣುಗಳಲ್ಲಿ ಒಂದಾದರೂ ಹುಟ್ಟುವಾಗಲೇ ಐಸೊನಯಜಿಡ್‌ಗೆ ಜಗ್ಗದ ಗುಣ ಪಡೆದಿರುತ್ತದೆ. ರಿಫಾಂಪಿಸಿನ್‌ಗಾದರೆ ಸುಮಾರು ಹತ್ತು ಕೋಟಿಯಲ್ಲಿ ಒಂದು. ಒಂದೇ ಔಷಧಿ ಕೊಟ್ಟರೆ ಆ ಒಂದು ಬದುಕುಳಿದು ಮತ್ತೆ ವಂಶ ಬೆಳೆಸುತ್ತದೆ. ಎರಡಕ್ಕೂ ಜಗ್ಗದ್ದು ಒಟ್ಟಿಗೆ ಹುಟ್ಟುವುದು ಬಹು ಅಪರೂಪ. ಆದ್ದರಿಂದ ಮೂರು ನಾಲ್ಕು ಔಷಧಿ ಒಟ್ಟಿಗೆ, ಒಂದೇ ಮಾತ್ರೆಯಲ್ಲಿ, ರೋಗಿ ಒಂದನ್ನು ನುಂಗಿ ಇನ್ನೊಂದನ್ನು ಬಿಡಲಾಗದ ಹಾಗೆ.

ದೊಡ್ಡವರಿಗೆ ಇದು ಸುಲಭವಾಯಿತು. ಮಕ್ಕಳಿಗೆ? ಬಹಳ ವರ್ಷ ತಾಯಂದಿರು ದೊಡ್ಡವರ ಮಾತ್ರೆ ಒಡೆದು, ಜಜ್ಜಿ, ಜೇನುತುಪ್ಪದಲ್ಲಿ ಕಲಸಿ ಕುಡಿಸುತ್ತಿದ್ದರು. ಕಹಿಗೆ ಅರ್ಧ ಹೊರಗೆ, ಅರ್ಧ ಒಳಗೆ. ಅಳತೆ ಸರಿಯಾಗಿ ಒಡೆದರೂ ಒಳಗಿನ ಪ್ರಮಾಣವೇ ಮಕ್ಕಳದಲ್ಲ. ದೊಡ್ಡವರಿಗೆ ಕಿಲೋಗೆ 5 ಮಿ.ಗ್ರಾಂ. ಐಸೊನಯಜಿಡ್ ಸಾಕಾದರೆ ಮಕ್ಕಳಿಗೆ 10 ಬೇಕು. ರಿಫಾಂಪಿಸಿನ್ 10 ಇದ್ದದ್ದು ಮಕ್ಕಳಿಗೆ 15. ನಾನು ಮೇಲೆ ಹೇಳಿದ ಬೇಗ ಕರಗಿಸುವ ಲಿವರಿನ ಮಹಿಮೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ಡೋಸ್ ಏರಿಸಿದ್ದು 2010ರಲ್ಲಿ. ಅದಕ್ಕೆ ತಕ್ಕ ಮಾತ್ರೆ ಬಂದದ್ದು 2015ರ ಕೊನೆಗೆ: ರಿಫಾಂಪಿಸಿನ್ 75, ಐಸೊನಯಜಿಡ್ 50, ಪೈರಜಿನಮೈಡ್ 150, ನೀರಿಗೆ ಹಾಕಿದರೆ ಕರಗುವಂಥದು, ಹಣ್ಣಿನ ರುಚಿಯದು. ನಾಲ್ಕರಿಂದ ಏಳು ಕಿಲೋಗೆ ಒಂದು, ಎಂಟರಿಂದ ಹನ್ನೊಂದಕ್ಕೆ ಎರಡು, ಹನ್ನೆರಡರಿಂದ ಹದಿನೈದಕ್ಕೆ ಮೂರು, ಹದಿನಾರರಿಂದ ಇಪ್ಪತ್ತನಾಲ್ಕಕ್ಕೆ ನಾಲ್ಕು. ಎಷ್ಟು ಸರಳ ನೋಡಿ! ಹತ್ತು ಕಿಲೋ ಮಗುವಿಗೆ ಎರಡು ಮಾತ್ರೆ ಎಂದರೆ ರಿಫಾಂಪಿಸಿನ್ 150, ಕಿಲೋಗೆ ಸರಿಯಾಗಿ 15. ಮಗು ಬೆಳೆದು ತೂಕ ಏರಿದರೆ ಮಾತ್ರೆಯೂ ಏರಬೇಕು, ಆದ್ದರಿಂದ ಪ್ರತಿ ಸಲ ತೂಕ ನೋಡಿಸಬೇಕು. ನಮ್ಮ ದೇಶದಲ್ಲಿ ಸರ್ಕಾರವೇ ಇದನ್ನು ಉಚಿತವಾಗಿ ಕೊಡುತ್ತದೆ.

ಎಲ್ಲ ಜೋಡಿಗಳೂ ಹೀಗೆ ತಲೆ ಓಡಿಸಿ ಮಾಡಿದವಲ್ಲ ಎಂಬುದೇ ಬೇಸರ. 2014ರಲ್ಲಿ ಕೇಂದ್ರ ಸರ್ಕಾರ ಇಂಥ ಸಾವಿರಾರು ಜೋಡಿಗಳನ್ನು ಪರೀಕ್ಷಿಸಲು ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ನಮ್ಮ ಬೆಳಗಾವಿಯ ಕೆ.ಎಲ್.ಇ. ವಿಶ್ವವಿದ್ಯಾಲಯದ ಕುಲಪತಿ ಪ್ರೊಫೆಸರ್ ಚಂದ್ರಕಾಂತ ಕೊಕಾಟೆ. ಅವರ ವರದಿಯ ಮೇಲೆ 2016ರ ಮಾರ್ಚ್ 10ರಂದು 344 ಜೋಡಿಗಳಿಗೆ ನಿಷೇಧ ಬಿತ್ತು. ಕಂಪನಿಗಳು ಕೋರ್ಟಿಗೆ ಹೋದವು, ದೆಹಲಿ ಹೈಕೋರ್ಟ್ ನಿಷೇಧ ರದ್ದು ಮಾಡಿತು, ಸುಪ್ರೀಂ ಕೋರ್ಟು ಮತ್ತೆ ಪರಿಶೀಲಿಸಿ ಎಂದಿತು, ಕೊನೆಗೆ 2018ರ ಸೆಪ್ಟೆಂಬರಿನಲ್ಲಿ 328ಕ್ಕೆ ನಿಷೇಧ. 2024ರ ಆಗಸ್ಟಿನಲ್ಲಿ ಮತ್ತೆ 156. ಇದು ಕಳೆ ಕೀಳುವ ಹಾಗೆ, ಮುಗಿಯುವ ಕೆಲಸವಲ್ಲ.

ಮಗುವಿಗೆ ಭೇದಿ ಆದಾಗ ಎರಡು ಆಂಟಿಬಯಾಟಿಕ್ ಬೆರೆಸಿದ ಸಿರಪ್ ತಂದು ಕುಡಿಸುವ ಅಭ್ಯಾಸ ನಮ್ಮ ಅಪಾರ್ಟ್‌ಮೆಂಟಿನಲ್ಲೇ ನೋಡಿದ್ದೇನೆ. ಒಂದು ಬ್ಯಾಕ್ಟೀರಿಯಾಗೆ, ಇನ್ನೊಂದು ಅಮೀಬಾಗೆ, ಯಾವುದಿದ್ದರೂ ಸರಿ ಎಂಬ ವಾದ. ಮಕ್ಕಳ ಭೇದಿಗೆ ಬಹುಪಾಲು ಕಾರಣ ವೈರಸ್, ಅದಕ್ಕೆ ಇವೆರಡೂ ತಾಗುವುದಿಲ್ಲ. ಬೇಕಾದದ್ದು ಓ.ಆರ್.ಎಸ್. ಮತ್ತು ಡಾಕ್ಟರು ಹೇಳಿದಷ್ಟು ದಿನ ಝಿಂಕ್. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ತಡಮಾಡದೆ ಆಸ್ಪತ್ರೆ. ಈ ಮಾತು ಹೇಳಿದ್ದಕ್ಕೆ ನನ್ನನ್ನು "ಜಿಪುಣಿ" ಎಂದವರೂ ಇದ್ದಾರೆ, ಇರಲಿ.

ಈಗ ಅಡುಗೆಮನೆಗೆ ಬರೋಣ, ನನಗೆ ಅಧಿಕಾರ ಇರುವ ಜಾಗ. ಪುಡಿಯ ಬಾಟಲಿ ತಂದರೆ ಮೊದಲು ತಟ್ಟಿ ಪುಡಿ ಸಡಿಲ ಮಾಡಿ. ಕುದಿಸಿ ಪೂರಾ ಆರಿಸಿದ ನೀರನ್ನು (ಕೆಲವರು ಜೊತೆಗೇ ನೀರಿನ ಶೀಶೆ ಕೊಡುತ್ತಾರೆ) ಅರ್ಧ ಹಾಕಿ ಅಲುಗಾಡಿಸಿ, ಆಮೇಲೆ ಗುರುತಿನವರೆಗೆ ತುಂಬಿ. ನೊರೆ ಇಳಿದ ಮೇಲೆ ಮತ್ತೆ ನೋಡಿ, ಮಟ್ಟ ಕೆಳಗಿಳಿದಿರುತ್ತದೆ. ಬಿಸಿನೀರು ಹಾಕಿದರೆ ಔಷಧಿ ಕೆಡುತ್ತದೆ. ಕಲಸಿದ ದಿನಾಂಕ ಬಾಟಲಿಯ ಮೇಲೆ ಬರೆದು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಕ್ಲಾವುಲಾನಿಕ್ ಆಸಿಡ್ ತೇವಕ್ಕೂ ಸೆಖೆಗೂ ಬಹಳ ನಾಜೂಕು. ಮೇ ತಿಂಗಳ ಚೆನ್ನೈಯಲ್ಲಿ ಮೇಜಿನ ಮೇಲೆ ಬಿಟ್ಟರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಒಳಗೆ ಜೋಡಿ ಮುರಿದಿರುತ್ತದೆ. ಏಳು ದಿನ ಆದ ಮೇಲೆ ಉಳಿದದ್ದು ಬೇಡ. ಊಟದ ಶುರುವಿನಲ್ಲಿ ಕುಡಿಸಿದರೆ ಹೊಟ್ಟೆಗೆ ಹಿತ, ರಕ್ತಕ್ಕೂ ಚೆನ್ನಾಗಿ ಸೇರುತ್ತದೆ.

ಚಮಚದ ವಿಷಯ. ಸಿರಿಂಜಿನಿಂದ ನೀರು ಹಾಕಿ ನಮ್ಮ ಮನೆಯ ಚಮಚಗಳನ್ನು ಅಳೆದೆ. ಕಾಫಿಪುಡಿ ಡಬ್ಬದ್ದು 3 ಮಿ.ಲೀ., ಉಪ್ಪಿನದು 4, ಸಾರಿನಪುಡಿಯದು 7. ಮೂರನ್ನೂ ನಾವು "ಟೀ ಸ್ಪೂನ್" ಎಂದೇ ಕರೆಯುವುದು! ನಮ್ಮಮ್ಮನ ಕಾಲದ ಬೆಳ್ಳಿ ಒಳಲೆ ಇದೆ, ಇಲ್ಲಿಯವರು ಪಾಲಾಡೈ ಎನ್ನುತ್ತಾರಲ್ಲ ಅದೇ. ಕೂಸಿಗೆ ಹಾಲು ಕುಡಿಸಲು ಅದಕ್ಕಿಂತ ಚೆಂದದ್ದಿಲ್ಲ, ಆದರೆ ಅದಕ್ಕೆ ಗೆರೆಗಳಿಲ್ಲ. ಔಷಧಿ ಸಿರಿಂಜಿನಲ್ಲಿ ಅಳೆದು ಬೇಕಾದರೆ ಒಳಲೆಗೆ ಹಾಕಿ ಕುಡಿಸಿ. ಅಂದಹಾಗೆ ಮಾತ್ರೆ ಎಂದರೆ ಅಳತೆ ಎಂದೇ ಅರ್ಥ. ಸಂಘದ ಕನ್ನಡ ತರಗತಿಯಲ್ಲಿ ಲಘು ಗುರು ಹಾಕಿ ಮಾತ್ರೆ ಎಣಿಸಿದ್ದು ನೆನಪಿದೆಯೇ? ತಮಿಳಿನ ಮಾತ್ತಿರೈ ಸಹ ಅದೇ.

ಕೋರ್ಸ್ ನಡುವೆ ನಿಲ್ಲಿಸುತ್ತಾರೆಂದು ಎಲ್ಲರೂ ತಾಯಂದಿರನ್ನು ಬೈಯುತ್ತಾರೆ. ನಾನು ಲೆಕ್ಕ ಹಾಕಿ ನೋಡಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ 30 ಮಿ.ಲೀ. ಐದರಂತೆ ಎರಡು ಹೊತ್ತು ಎಂದರೆ ಮೂರನೆಯ ದಿನ ರಾತ್ರಿಗೆ ಖಾಲಿ. ಜ್ವರ ಇಳಿಯುವುದೂ ಸುಮಾರು ಆಗಲೇ. ಬಾಟಲಿ ಮುಗಿಯಿತು, ಮಗು ಆಡುತ್ತಿದೆ, ಇನ್ನೊಂದು ಬಾಟಲಿಗೆ ಯಾರು ಹೋಗುತ್ತಾರೆ? ಆದ್ದರಿಂದ ಡಾಕ್ಟರ ಹತ್ತಿರವೇ "ಎಷ್ಟು ದಿನ, ಎಷ್ಟು ಬಾಟಲಿ" ಎಂದು ಕೇಳಿ ಬರೆಸಿಕೊಳ್ಳಿ. ಎರಡನೆಯದನ್ನು ಮೊದಲನೆಯದು ಮುಗಿದ ಮೇಲೆ ಕಲಸಿ. ಹೊತ್ತು ತಪ್ಪಿಸುವುದೂ ಸಣ್ಣ ವಿಷಯವಲ್ಲ. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಒಂದು ಗಂಟೆಗೆ ಅರ್ಧಕ್ಕಿಳಿಯುತ್ತದೆ. ಬೆಳಿಗ್ಗೆ ಮರೆತದ್ದಕ್ಕೆ ರಾತ್ರಿ ಎರಡರಷ್ಟು ಕೊಟ್ಟರೆ ಆ ನಡುವಿನ ಹೊತ್ತು ವಾಪಸ್ ಬರುವುದಿಲ್ಲ.

1945ರಲ್ಲಿ ನೊಬೆಲ್ ಭಾಷಣ ಮಾಡುವಾಗ ಫ್ಲೆಮಿಂಗ್ ಸಾಹೇಬರು, ಗಂಟಲು ನೋವಿಗೆ ಸಾಲದಷ್ಟು ಪೆನಿಸಿಲಿನ್ ತೆಗೆದುಕೊಂಡ ಒಬ್ಬ ಗಂಡ ತನ್ನ ಹೆಂಡತಿಗೆ ಜಗ್ಗದ ಸ್ಟ್ರೆಪ್ಟೊಕಾಕಸ್ ಅಂಟಿಸಿ ಅವಳ ಸಾವಿಗೆ ಕಾರಣನಾಗುವ ಕಲ್ಪಿತ ಕಥೆ ಹೇಳಿದರು. ವಿಚಿತ್ರವೆಂದರೆ ಆ ಗಂಟಲಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನಿಸಿಲಿನ್‌ಗೆ ಸಾಯುತ್ತಿದೆ, ಉಳಿದವು ಅವರ ಮಾತನ್ನು ನಿಜ ಮಾಡಿವೆ. 2010ರಲ್ಲಿ ಎನ್.ಡಿ.ಎಂ.-1 ಎಂಬ ಹೊಸ ಕಿಣ್ವದ ಬಗ್ಗೆ ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್ ಪತ್ರಿಕೆಯಲ್ಲಿ ಬಂದ ಲೇಖನದ ಮೊದಲ ಲೇಖಕರು ನಮ್ಮ ಮದ್ರಾಸ್ ವಿಶ್ವವಿದ್ಯಾಲಯದವರು. ಮಾದರಿಗಳಲ್ಲಿ ಚೆನ್ನೈಯವೂ ಇದ್ದವು. ಈ ಕತ್ತರಿಗೆ ಕ್ಲಾವುಲಾನಿಕ್ ಆಸಿಡ್ಡಿನ ಮೇಣ ಹತ್ತುವುದೇ ಇಲ್ಲ. 2012ರಲ್ಲಿ ದೇಶದ ವೈದ್ಯ ಸಂಘಗಳು ಇದೇ ಊರಿನಲ್ಲಿ ಸೇರಿ "ಚೆನ್ನೈ ಘೋಷಣೆ" ಹೊರಡಿಸಿದ್ದು ಈ ಆತಂಕದಿಂದಲೇ.

ನನ್ನ ಫ್ರಿಜ್ಜಿನ ಬಾಗಿಲ ಮೇಲೆ, ಹಾಲಿನ ಲೆಕ್ಕದ ಪಕ್ಕ, ಮೊಮ್ಮಗಳ ತೂಕವನ್ನು ತಿಂಗಳಿಗೊಮ್ಮೆ ಬರೆದಿಡುತ್ತೇನೆ. ಜ್ವರ ಬಂದ ರಾತ್ರಿ ಡಾಕ್ಟರು ಫೋನಿನಲ್ಲಿ ಮೊದಲು ಕೇಳುವುದೇ ಅದು. ಮುಂದಿನ ಸಂಚಿಕೆಗೆ ಕಣ್ಣಿನ ಕನ್ನಡಕದ ಬಗ್ಗೆ ಬರೆಯಿರೆಂದು ಇಬ್ಬರು ಕೇಳಿದ್ದಾರೆ. ಬೇರೆ ಪ್ರಶ್ನೆಗಳಿದ್ದರೆ ಸಂಘದ ಕಚೇರಿಗೆ ಕಳುಹಿಸಿ, ಕನ್ನಡದಲ್ಲಿ ಬರೆದರೆ ಮೊದಲು ಅದಕ್ಕೇ ಉತ್ತರ.